ಯುವನಿಧಿ ಅರ್ಜಿ ಎಲ್ಲಿ ಸಿಕ್ಕಿಕೊಂಡಿದೆ? ಬೆಟಗೇರಿಯ ಜೆರಾಕ್ಸ್ ಅಂಗಡಿಯಿಂದ ಒಂದಿಷ್ಟು

"ಅಕ್ಕಾರ, ಸರ್ವರ್ ಡೌನ್ ಐತ್ರಿ."

ನನ್ನ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಳ್ಳುವ ಹುಡುಗರು ಮೊದಲು ಹೇಳುವ ಮಾತು ಇದು. ಗದಗಿನ ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಒಂದು ಕಂಪ್ಯೂಟರ್, ಎರಡು ಪ್ರಿಂಟರ್. ಅದರಲ್ಲಿ ಒಂದು ಮಳೆಗಾಲದಲ್ಲಿ ಕಾಗದವನ್ನೇ ಎಳೆಯುವುದಿಲ್ಲ. 2023ರ ಡಿಸೆಂಬರ್ 26ರಂದು ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯ ನೋಂದಣಿ ಶುರುವಾಯಿತು. ಅವತ್ತಿನಿಂದ ಈ ಸ್ಟೂಲ್ ಖಾಲಿ ಇದ್ದದ್ದು ಕಡಿಮೆ. ಮೊದಲು ತುಂಬಿದ ಅರ್ಜಿ ನನ್ನ ಅಕ್ಕನ ಮಗಳದು. ಅದನ್ನೇ ನಾನು ಮೂರು ಸಲ ಕೆಡಿಸಿದೆ. ಈಗ ಬರೆಯುತ್ತಿರುವುದೆಲ್ಲ ಹಾಗೆ ಕೆಡಿಸಿ ಕಲಿತದ್ದು.

ಯೋಜನೆ ಗೊತ್ತಿರುವವರು ಈ ಭಾಗ ಬಿಟ್ಟು ಮುಂದೆ ಹೋಗಿ. ಪದವಿ ಪಾಸಾಗಿ 180 ದಿನ ಆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾದವರಿಗೆ 1500. ಹೆಚ್ಚೆಂದರೆ ಎರಡು ವರ್ಷ. 2022-23ರಲ್ಲಿ ಪಾಸಾದವರಿಂದ ಶುರುವಾಯಿತು, ಆಮೇಲೆ ನಂತರದ ಬ್ಯಾಚಿನವರೂ ಸೇರಿದರು. ಮುಂದೆ ಓದುತ್ತಿರುವವರಿಗೆ, ಅಪ್ರೆಂಟಿಸ್ ವೇತನ ಪಡೆಯುವವರಿಗೆ ಇಲ್ಲ. 180 ದಿನವನ್ನು ಫಲಿತಾಂಶದಿಂದ ಎಣಿಸಬೇಕು. ಕೊನೆಯ ಪರೀಕ್ಷೆ ಬರೆದ ದಿನದಿಂದ ಎಣಿಸಿಕೊಂಡು ಬಂದು "ನನ್ನದು ಯಾಕ ತಗೋವಲ್ದು" ಎನ್ನುವವರು ಬಹಳ.

ಈಗ ಸರ್ವರ್ ಮಾತು. ಸರ್ವರ್ ನಿಜವಾಗಿ ನಿಲ್ಲುವುದೂ ಉಂಟು. ಆದರೆ ನನ್ನ ಕಣ್ಣೆದುರು ನಿಂತ ಅರ್ಜಿಗಳಲ್ಲಿ ಜಾಸ್ತಿ ನಿಂತದ್ದು ಬೇರೆ ಕಡೆ. ಅರ್ಜಿ ತುಂಬುವುದು ಸೇವಾಸಿಂಧುವಿನಲ್ಲಿ, ಅಂದರೆ ರಾಜ್ಯ ಸರ್ಕಾರದ ಆನ್‌ಲೈನ್ ಸೇವೆಗಳ ಪೋರ್ಟಲಿನಲ್ಲಿ. ನೀವು ಯಾರು ಎಂದು ಅದು ಆಧಾರ್‌ಗೆ ಕೇಳುತ್ತದೆ. ಪಾಸಾಗಿದ್ದೀರಾ ಎಂದು ನ್ಯಾಡ್‌ಗೆ ಕೇಳುತ್ತದೆ. ನ್ಯಾಡ್ ಎಂದರೆ ವಿಶ್ವವಿದ್ಯಾಲಯಗಳು ನಿಮ್ಮ ಅಂಕಪಟ್ಟಿ, ಪ್ರಮಾಣಪತ್ರ ಏರಿಸಿಡುವ ಡಿಜಿಟಲ್ ಉಗ್ರಾಣ. ನೀವು ಅದನ್ನು ನೋಡುವುದು ಡಿಜಿಲಾಕರ್ ಮೂಲಕ. ಕೊನೆಗೆ ರೊಕ್ಕ ಯಾವ ಬ್ಯಾಂಕಿಗೆ ಹೋಗಬೇಕು ಎಂಬುದು ಎನ್‌ಪಿಸಿಐ ಮ್ಯಾಪರ್ ನೋಡಿ ತೀರ್ಮಾನವಾಗುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕ್ ಎಂದು ಬರೆದಿಟ್ಟ ಪಟ್ಟಿ ಅದು. ಒಟ್ಟು ನಾಲ್ಕು ಮನೆ. ಎಲ್ಲಿ ನಿಂತರೂ ಪರದೆ ಮೇಲೆ ಕಾಣುವುದು ಅದೇ ಒಂದು ಕೆಂಪು ಅಕ್ಷರದ ಸಾಲು. ಹೀಗಾಗಿ ಸಬ್ಮಿಟ್ ಗುಂಡಿಯನ್ನು ಹತ್ತು ಸಲ ಒತ್ತುವ ಮೊದಲು ಯಾವ ಮನೆಯ ಬಾಗಿಲು ಹಾಕಿದೆ ಎಂದು ನೋಡಬೇಕು.

ಒಟಿಪಿ ಬರುತ್ತಿಲ್ಲ ಎಂದರೆ ಆಧಾರ್ ಮನೆ. ಮೊದಲು ಕೇಳಿಕೊಳ್ಳಿ, ಆಧಾರ್‌ಗೆ ಕೊಟ್ಟಿರುವ ನಂಬರ್ ಯಾವುದು? ಆಧಾರ್ ವೆಬ್‌ಸೈಟಿನಲ್ಲಿ ಕಾರ್ಡ್ ಚಾಲ್ತಿಯಲ್ಲಿದೆಯೇ ಎಂದು ನೋಡುವ ಪುಟ ಇದೆ. ಅದಕ್ಕೆ ಒಟಿಪಿ ಬೇಡ. ಆಧಾರ್ ಸಂಖ್ಯೆ ಹಾಕಿದರೆ ಲಿಂಕ್ ಆದ ಮೊಬೈಲಿನ ಕೊನೆಯ ಮೂರು ಅಂಕಿ ತೋರಿಸುತ್ತದೆ. ಒಬ್ಬ ಹುಡುಗ ಅರ್ಧ ತಾಸು ನೆಟ್‌ವರ್ಕ್‌ಗೆ ಬೈಯುತ್ತ ಕೂತಿದ್ದ. ಆ ಮೂರು ಅಂಕಿ ನೋಡಿದ ಕೂಡಲೇ, "ಅಯ್ಯ, ಇದು ಅಪ್ಪಂದ್ರಿ" ಎಂದ. ಅಪ್ಪ ಹೊಲದಲ್ಲಿ. ಒಟಿಪಿಗಳೆಲ್ಲ ಹೊಲಕ್ಕೆ ಹೋಗಿ ಕೂತಿದ್ದವು. ನಂಬರ್ ಬದಲಿಸಲು ಆಧಾರ್ ಕೇಂದ್ರಕ್ಕೆ ಹೋಗಿ. ಅನುಮಾನ ಇದ್ದರೆ 1947ಕ್ಕೆ ಫೋನ್ ಮಾಡಿ.

ನಂಬರ್ ಸರಿ ಇದ್ದೂ ಒಟಿಪಿ ಬರದಿದ್ದರೆ ಹತ್ತು ನಿಮಿಷ ಸುಮ್ನೆ ಇರಿ. ಮತ್ತೆ ಮತ್ತೆ ಒತ್ತಿದರೆ ಮೂರು ಒಟಿಪಿ ಒಟ್ಟಿಗೆ ಬರುತ್ತವೆ. ನೀವು ಮೊದಲನೆಯದನ್ನು ಹಾಕುತ್ತೀರಿ, ಅದು ಕೊನೆಯದನ್ನು ಕೇಳುತ್ತಿರುತ್ತದೆ.

ಇನ್ನು ಹೆಸರು. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ. ನಮ್ಮ ಕಡೆ ಅರ್ಧ ಅರ್ಜಿ ಸಾಯುವುದೇ ಇಲ್ಲಿ.

ಬೆಂಗಳೂರು ಕಡೆಯವರಿಗೆ ಒಂದು ಇನಿಷಿಯಲ್ ಇದ್ದರೆ ಆಯಿತು. ನಮಗೆ ಸ್ವಂತ ಹೆಸರು, ಅಪ್ಪನ ಹೆಸರು, ಮೇಲೆ ಅಡ್ಡಹೆಸರು. ಹಡಪದ, ಮೆಣಸಿನಕಾಯಿ, ಉಳ್ಳಾಗಡ್ಡಿ. ಅಂಕಪಟ್ಟಿಯಲ್ಲಿ ಒಮ್ಮೊಮ್ಮೆ ಅಡ್ಡಹೆಸರೇ ಮೊದಲು ಬರುತ್ತದೆ. ಆಧಾರ್‌ನಲ್ಲಿ ಕೊನೆಗೆ, ಇಲ್ಲವೇ ಇರುವುದೇ ಇಲ್ಲ. ಅದರ ಮೇಲೆ ಇಂಗ್ಲಿಷ್ ಸ್ಪೆಲ್ಲಿಂಗ್. ಅಕ್ಕನ ಮಗಳ ಹೆಸರಿನಲ್ಲಿ ಲಕ್ಷ್ಮೀ ಇದೆ. ಅಂಕಪಟ್ಟಿಯಲ್ಲಿ ಕೆ-ಎಸ್-ಎಚ್ ಹಾಕಿ ಬರೆದಿದ್ದಾರೆ, ಆಧಾರ್‌ನಲ್ಲಿ ಬರೀ ಎಕ್ಸ್. ಕನ್ನಡದಲ್ಲಿ ಎರಡೂ ಒಂದೇ. ಕಂಪ್ಯೂಟರ್‌ಗೆ ಇಬ್ಬರು ಬೇರೆ ಬೇರೆ ಹುಡುಗಿಯರು. ನಮ್ಮ ಜಿಲ್ಲೆಯ ಲಕ್ಷ್ಮೇಶ್ವರವನ್ನೇ ಬೋರ್ಡುಗಳಲ್ಲಿ ಎರಡು ನಮೂನೆ ಬರೆಯುತ್ತಾರೆ, ಪಾಪ ಆಕೆಯ ತಪ್ಪೇನು?

ಹೀಗಾದಾಗ ಯಾವುದನ್ನು ತಿದ್ದಿಸಬೇಕು? ನನ್ನ ಅಭಿಪ್ರಾಯ ಗಟ್ಟಿ: ಆಧಾರ್ ತಿದ್ದಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದುವ ಹಾಗೆ. ಅಂಕಪಟ್ಟಿ ತಿದ್ದಿಸಲು ಹೋದರೆ ಶಾಲೆ, ಮಂಡಳಿ, ಆಮೇಲೆ ಪಿಯುಸಿ, ಆಮೇಲೆ ವಿಶ್ವವಿದ್ಯಾಲಯ ಎಂದು ಬಾಲ ಬೆಳೆಯುತ್ತದೆ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಸಲ ಅವಕಾಶ. ಜನ್ಮದಿನಾಂಕಕ್ಕೆ ಒಂದೇ ಸಲ. ಅದಕ್ಕೆ ಕೇಂದ್ರದಲ್ಲಿ ಕೂತವರು ಟೈಪ್ ಮಾಡಿದ್ದನ್ನು ಅಕ್ಷರ ಅಕ್ಷರ ಓದಿ ನೋಡದೆ ಸಹಿ ಹಾಕಬೇಡಿ. ರಶೀದಿಯಲ್ಲಿ ತಪ್ಪಿದ್ದರೆ ಅಲ್ಲೇ ನಿಂತು ಹೇಳಿ. ನಾಚಿಕೆ ಬೇಡ. ತಿದ್ದುಪಡಿ ಆದ ಮೇಲೆ ಬ್ಯಾಂಕ್ ಪಾಸ್‌ಬುಕ್ಕಿನ ಹೆಸರನ್ನೂ ಒಮ್ಮೆ ನೋಡಿ. ಇಲ್ಲಿ ಸರಿಮಾಡಿ ಅಲ್ಲಿ ಕೆಡಿಸಿಕೊಂಡವರಿದ್ದಾರೆ.

ಪದವಿ ವಿವರ ಸಿಗುತ್ತಿಲ್ಲ ಎಂದು ಬಂದರೆ ನ್ಯಾಡ್ ಮನೆ. ಮೊದಲು ನಿಮ್ಮ ತಪ್ಪು ಹುಡುಕಿ. ನೋಂದಣಿ ಸಂಖ್ಯೆಯಲ್ಲಿ ಸೊನ್ನೆ ಇದ್ದಲ್ಲಿ 'ಓ' ಅಕ್ಷರ ಹೊಡೆದಿದ್ದೀರಾ? ನಾನೇ ಹೊಡೆದಿದ್ದೆ, ಅಕ್ಕನ ಮಗಳ ಅರ್ಜಿ ಎರಡನೇ ಸಲ ಕೆಟ್ಟದ್ದು ಹಾಗೆ. ವಿಶ್ವವಿದ್ಯಾಲಯ ಸರಿ ಆರಿಸಿದ್ದೀರಾ? ಗದಗ, ಹಾವೇರಿ, ಧಾರವಾಡದ ಬಿಎ, ಬಿಕಾಂ, ಬಿಎಸ್ಸಿಯವರು ಹೆಚ್ಚಾಗಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರು. ಪಟ್ಟಿಯಲ್ಲಿ 'ಕರ್ನಾಟಕ' ಎಂದು ಶುರುವಾಗುವ ಹೆಸರು ಹಲವು ಬರುತ್ತವೆ. ಅವಸರದಲ್ಲಿ ಮುಕ್ತ ವಿಶ್ವವಿದ್ಯಾಲಯ ಒತ್ತಿದವರನ್ನು ನೋಡಿದ್ದೇನೆ. ಎಂಜಿನಿಯರಿಂಗ್‌ನವರು ವಿಟಿಯು, ನಮ್ಮ ಭಾಗದ ಕಾಲೇಜುಗಳ ಯುಎಸ್ಎನ್ (ಅವರ ನೋಂದಣಿ ಸಂಖ್ಯೆ) 2ರಿಂದ ಶುರುವಾಗುತ್ತದೆ.

ಇದೆಲ್ಲ ಸರಿ ಇದ್ದೂ ಸಿಗದಿದ್ದರೆ ನಿಮ್ಮ ಡಿಜಿಲಾಕರ್ ತೆರೆದು ಅಲ್ಲಿ ಪ್ರಮಾಣಪತ್ರ ಎಳೆದು ನೋಡಿ. ಅಲ್ಲೂ ಇಲ್ಲವೆಂದರೆ ಅದು ಇನ್ನೂ ಏರಿಲ್ಲ. ಆಗ ನೀವು ಅರ್ಜಿಯ ಮುಂದೆ ಕೂತು ಪ್ರಯೋಜನವಿಲ್ಲ. ಅಂಕಪಟ್ಟಿ ಪ್ರತಿ ಹಿಡಿದುಕೊಂಡು ಕಾಲೇಜಿನ ಆಫೀಸಿಗೆ ಹೋಗಿ. ಹೋದಾಗ "ಯುವನಿಧಿ ಆಗವಲ್ದು" ಎನ್ನಬೇಡಿ. ಹಾಗೆಂದರೆ "ಅದು ನಮ್ಮ ಕೆಲಸ ಅಲ್ಲ, ಆನ್‌ಲೈನ್ ಸೆಂಟರ್‌ಗೆ ಹೋಗು" ಎಂದು ಕಳಿಸುತ್ತಾರೆ. "ನನ್ನ ಪದವಿ ನ್ಯಾಡ್‌ನಲ್ಲಿ ಕಾಣ್ತಿಲ್ರಿ, ಅಪ್‌ಲೋಡ್ ಆಗೇತೇನು ನೋಡ್ರಿ" ಎನ್ನಿ. ಅಕ್ಕನ ಮಗಳನ್ನು ಕಾಲೇಜಿನಿಂದ ನನ್ನ ಕಡೆಗೆ, ನನ್ನಿಂದ ಕಾಲೇಜಿಗೆ ಎರಡು ವಾರ ಓಡಾಡಿಸಿದ ಮೇಲೆ ಈ ಒಂದು ಸಾಲು ಕೆಲಸ ಮಾಡಿತು.

ಬ್ರೌಸರ್ ತೊಂದರೆಗಳನ್ನು ಬೇಗ ಮುಗಿಸುತ್ತೇನೆ. ಮೊಬೈಲಿನಲ್ಲಿ ತುಂಬಬಹುದು, ಆದರೆ ಕಂಪ್ಯೂಟರ್ ಒಳ್ಳೆಯದು. ಪುಟವನ್ನು ತಾನಾಗಿಯೇ ಅನುವಾದಿಸುವ ಸೌಲಭ್ಯ ಆಫ್ ಮಾಡಿ, ಅದು ಫಾರ್ಮ್ ಕೆಡಿಸುತ್ತದೆ. ಹಿಂದಕ್ಕೆ ಹೋಗುವ ಬಾಣ ಒತ್ತಬೇಡಿ, ಲಾಗಿನ್ ಹಾರಿಹೋಗುತ್ತದೆ. ಕೊನೆಗೆ ಸ್ವೀಕೃತಿ ಪತ್ರ ಕಾಣದಿದ್ದರೆ ಬ್ರೌಸರ್ ಪಾಪ್‌ಅಪ್ ತಡೆದಿರಬಹುದು. ಎರಡನೇ ಅರ್ಜಿ ಹಾಕಲು ಹೋಗಬೇಡಿ, ಲಾಗಿನ್ ಒಳಗೆ ಹಳೆಯ ಅರ್ಜಿಗಳ ಪಟ್ಟಿ ನೋಡಿ. ದಾಖಲೆಗಳನ್ನು ಮೊದಲೇ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಂಡು ಕೂತುಕೊಳ್ಳಿ. ಹುಡುಕುವಷ್ಟರಲ್ಲಿ ಸಮಯ ಮೀರಿ ಪುಟ ಹೊರಹಾಕುತ್ತದೆ. ಬೆಳಗ್ಗೆ ಆರೂವರೆಗೆ ಕೂತರೆ ಎಲ್ಲ ಸಲೀಸು. ನಾನು ಅಂಗಡಿ ತೆರೆಯುವುದು ಒಂಬತ್ತಕ್ಕೆ, ಅದಕ್ಕೆ ಆ ಹೊತ್ತಿಗೆ ನನಗೆ ಫೋನ್ ಮಾಡಬೇಡಿ.

ಅಂಗಡಿಯಲ್ಲಿ ತುಂಬಿಸುವವರಿಗೆ ಒಂದು ಮಾತು, ನಾನೇ ಅಂಗಡಿಯವಳಾಗಿ ಹೇಳುತ್ತೇನೆ. ಮೊಬೈಲ್ ನಂಬರ್ ನಿಮ್ಮದೇ ಹಾಕಿಸಿ. ಪಾಸ್‌ವರ್ಡ್ ಬರೆದುಕೊಳ್ಳಿ. ಎದ್ದು ಹೋಗುವಾಗ ಲಾಗ್‌ಔಟ್ ಆಗಿದೆಯೇ ನೋಡಿ. ಬೇರೊಂದು ಊರಿನ ಅಂಗಡಿಯಲ್ಲಿ ಅಂಗಡಿಯವನ ನಂಬರ್ ಹಾಕಿಸಿದ್ದ ಹುಡುಗಿಯೊಬ್ಬಳು ಆರು ತಿಂಗಳು ತನ್ನ ಅರ್ಜಿಯೊಳಗೇ ಹೋಗಲಾರದೆ ಅಲೆದಳು. "ಇಷ್ಟು ಕೊಡು, ಪಾಸ್ ಮಾಡಿಸ್ತೀನಿ" ಎನ್ನುವವನಿಗೆ ಒಂದು ರೂಪಾಯಿ ಕೊಡಬೇಡಿ. ಕೊಟ್ಟು ಮೋಸ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಈಗ ನಾಲ್ಕನೇ ಮನೆ. ಅರ್ಜಿ ಮಂಜೂರಾಗಿದೆ, "ರೊಕ್ಕ ಬಂದಿಲ್ರಿ ಅಕ್ಕಾರ."

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಪಾಸ್‌ಬುಕ್ ತೋರಿಸಿ, "ಆಧಾರ್ ಲಿಂಕ್ ಐತ್ರಿ, ಬ್ಯಾಂಕಿನ್ಯಾಗ ಹೇಳ್ಯಾರ" ಎನ್ನುತ್ತಾರೆ. ಖಾತೆಗೆ ಆಧಾರ್ ಪ್ರತಿ ಕೊಟ್ಟಿರುವುದು ಬೇರೆ, ಎನ್‌ಪಿಸಿಐ ಮ್ಯಾಪರ್‌ನಲ್ಲಿ ಆ ಬ್ಯಾಂಕ್ ಕೂತಿರುವುದು ಬೇರೆ. ರೊಕ್ಕ ಬರುವುದು ಖಾತೆ ಸಂಖ್ಯೆ ನೋಡಿ ಅಲ್ಲ, ಆಧಾರ್ ಸಂಖ್ಯೆ ನೋಡಿ. ಒಂದು ಆಧಾರ್‌ಗೆ ಮ್ಯಾಪರ್‌ನಲ್ಲಿ ಒಂದು ಸಲಕ್ಕೆ ಒಂದೇ ಬ್ಯಾಂಕ್. ಕೊನೆಗೆ ಯಾರು ಜೋಡಿಸಿದರೋ ಅವರೇ.

ಮುಂಡರಗಿ ಕಡೆಯ ಹುಡುಗನೊಬ್ಬ ಮೂರು ತಿಂಗಳು ರೊಕ್ಕವಿಲ್ಲ ಎಂದು ಮುಖ ಸಣ್ಣ ಮಾಡಿಕೊಂಡು ಬಂದ. ಮೈಆಧಾರ್‌ಗೆ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ ಸ್ಥಿತಿ, ಅಂದರೆ ಆಧಾರ್‌ಗೆ ಯಾವ ಬ್ಯಾಂಕ್ ಜೋಡಿಸಿದೆ ಎಂಬುದನ್ನು ತೆಗೆದೆವು. ಅವನು ಪಾಸ್‌ಬುಕ್ ಹಿಡಿದಿದ್ದ ಬ್ಯಾಂಕ್ ಒಂದು, ಅಲ್ಲಿ ತೋರಿಸಿದ ಬ್ಯಾಂಕ್ ಇನ್ನೊಂದು. "ಇದ್ಯಾವುದ್ರಿ?" ಎಂದು ತಲೆ ಕೆರೆದುಕೊಂಡ. ಅವ್ವನಿಗೆ ಫೋನ್ ಮಾಡಿದ. ಹೈಸ್ಕೂಲಿನಲ್ಲಿ ಸ್ಕಾಲರ್‌ಶಿಪ್‌ಗೆಂದು ತೆರೆದ ಖಾತೆ, ಪಾಸ್‌ಬುಕ್ ಟ್ರಂಕಿನ ತಳದಲ್ಲಿ. ಮರುದಿನ ಬ್ಯಾಂಕಿಗೆ ಹೋಗಿ ಎಂಟ್ರಿ ಹಾಕಿಸಿದ. ಮೂರು ತಿಂಗಳ 9000 ರೂಪಾಯಿ ಅಲ್ಲೇ ಕೂತಿತ್ತು. ಆದರೆ ತೆಗೆಯಲು ಬರಲಿಲ್ಲ. ಹದಿನೆಂಟು ತುಂಬುವ ಮೊದಲು ತೆರೆದ ಖಾತೆ, ಹೊಸದಾಗಿ ಕೆವೈಸಿ ಕೊಡಬೇಕಾಯಿತು.

ಬ್ಯಾಂಕಿನ ಕೌಂಟರಿನಲ್ಲಿ ಹೇಳಬೇಕಾದ ಮಾತು ಇಷ್ಟೇ: "ಡಿಬಿಟಿ ಸಲುವಾಗಿ ಎನ್‌ಪಿಸಿಐ ಮ್ಯಾಪಿಂಗ್ ಮಾಡ್ರಿ." ಡಿಬಿಟಿ ಎಂದರೆ ಸರ್ಕಾರದ ರೊಕ್ಕ ನೇರ ಖಾತೆಗೆ ಬರುವುದು. ಒಪ್ಪಿಗೆ ಫಾರ್ಮ್ ಕೊಡುತ್ತಾರೆ. ತುಂಬಿ ಕೊಟ್ಟು, ಕೆಲವು ದಿನ ಬಿಟ್ಟು ಮೈಆಧಾರ್‌ನಲ್ಲಿ ನೀವೇ ನೋಡಿ. ಅವರ ಮಾತು ನಂಬಿ ಸುಮ್ಮನಾಗಬೇಡಿ. ಬ್ಯಾಂಕಿಗೆ ಓಡಾಡಿ ಬೇಸತ್ತವರಿಗೆ ನಾನು ಅಂಚೆ ಪೇಮೆಂಟ್ಸ್ ಬ್ಯಾಂಕ್ ಹೇಳುತ್ತೇನೆ. ಪೋಸ್ಟ್‌ಮನ್ ಬೆರಳಚ್ಚು ಪಡೆದು ಖಾತೆ ತೆರೆಯುತ್ತಾರೆ, ಅಲ್ಲೇ ಡಿಬಿಟಿಗೆ ಜೋಡಿಸಲು ಹೇಳಿ. ಹಾಂ, ಹೀಗೆ ಮಾಡಿದರೆ ಮನೆಯ ಬೇರೆ ಡಿಬಿಟಿ ರೊಕ್ಕ ಏನಾದರೂ ನಿಮ್ಮ ಆಧಾರ್‌ಗೆ ಬರುತ್ತಿದ್ದರೆ ಅದೂ ಹೊಸ ಖಾತೆಗೇ ಹೋಗುತ್ತದೆ. ಆಮೇಲೆ ಹುಡುಕಾಡಬೇಡಿ.

2025ರ ಮೇ 1ಕ್ಕೆ ನಮ್ಮ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಬಳ್ಳಾರಿಯ ಗ್ರಾಮೀಣ ಬ್ಯಾಂಕ್ ಒಂದಾದಾಗ "ಐಎಫ್‌ಎಸ್‌ಸಿ ಬದಲಾದರ ರೊಕ್ಕ ಬರ್ತೈತೋ ಇಲ್ಲೋ" ಎಂದು ಕೇಳಿದವರು ಬಹಳ. ಆಧಾರ್ ಮೂಲಕ ಬರುವ ರೊಕ್ಕಕ್ಕೆ ಐಎಫ್‌ಎಸ್‌ಸಿ ಚಿಂತೆ ಬೇಡ. ಸೀಡಿಂಗ್ ಸ್ಥಿತಿ ಒಮ್ಮೆ ನೋಡಿಕೊಂಡರೆ ಸಾಕು. ರೊಕ್ಕ ಬಿಟ್ಟಿದ್ದಾರೋ ಇಲ್ಲವೋ ಎಂಬುದಕ್ಕೆ ಡಿಬಿಟಿ ಕರ್ನಾಟಕ ಆ್ಯಪ್ ಇದೆ.

ಎಲ್ಲ ಸರಿ ಇದ್ದು ನಡುವೆ ನಿಂತಿದೆ ಎಂದರೆ ಕ್ಯಾಲೆಂಡರ್ ನೋಡಿ. ಕೆಲಸ ಸಿಕ್ಕಿಲ್ಲ, ಓದುತ್ತಿಲ್ಲ ಎಂಬ ಸ್ವಯಂ ಘೋಷಣೆ ಕೊಡಬೇಕು. ಯೋಜನೆ ಶುರುವಾದಾಗ ತಿಂಗಳ 25ರೊಳಗೆ ಎಂದಿತ್ತು. ಈಗ ನಿಮ್ಮ ಲಾಗಿನ್‌ನಲ್ಲಿ ತೋರಿಸುವ ಗಡುವೇ ಲೆಕ್ಕ. ಕೊನೆಯ ದಿನ ಎಲ್ಲರೂ ಮುಗಿಬೀಳುತ್ತಾರೆ. ಅವತ್ತು "ಸರ್ವರ್ ಡೌನ್" ಎಂದರೆ ನಾನೂ ನಂಬುತ್ತೇನೆ.

ಇಷ್ಟಾದರೂ ಆಗದಿದ್ದರೆ ಕಾಗದ ಬರೆಯಿರಿ. ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಗೆ ಒಂದು ಪುಟ, ಕಥೆ ಬೇಡ. ನಾನು ಬರೆದುಕೊಡುವುದು ಹೀಗೆ:

"ಯುವನಿಧಿ ಅರ್ಜಿ ಸಂಖ್ಯೆ ಇಂಥದ್ದು. ಸಲ್ಲಿಸಿದ ದಿನ ಇಂಥದ್ದು. ಅರ್ಜಿ ಮಂಜೂರಾಗಿದೆ, ಆದರೆ ಇಂಥ ತಿಂಗಳಿನಿಂದ ಹಣ ಜಮೆಯಾಗಿಲ್ಲ. ಬ್ಯಾಂಕ್ ಸೀಡಿಂಗ್ ಚಾಲ್ತಿಯಲ್ಲಿರುವ ಪ್ರತಿ, ಸ್ವಯಂ ಘೋಷಣೆ ಸಲ್ಲಿಸಿದ ಪ್ರತಿ ಲಗತ್ತಿಸಿದ್ದೇನೆ. ತೊಂದರೆ ಯಾವ ಹಂತದಲ್ಲಿದೆ ಎಂದು ತಿಳಿಸಬೇಕಾಗಿ ವಿನಂತಿ."

ಕೊನೆಯ ಸಾಲು ಮುಖ್ಯ. "ಸರಿಮಾಡಿಕೊಡಿ" ಎಂದರೆ "ನೋಡೋಣ" ಎನ್ನುತ್ತಾರೆ. ಯಾವ ಹಂತ ಎಂದು ಕೇಳಿದರೆ ಕಂಪ್ಯೂಟರ್ ತೆರೆಯಲೇಬೇಕು. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಉತ್ತರ ಬರದಿದ್ದರೆ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902 ಇದೆ. ಅಲ್ಲಿ ದೂರು ಸಂಖ್ಯೆ ಬರೆದುಕೊಳ್ಳದೆ ಫೋನ್ ಇಡಬೇಡಿ.

ಇನ್ನೊಂದು ಉಳಿಯಿತು. ಕೆಲಸ ಸಿಕ್ಕ ತಿಂಗಳೇ ಅದನ್ನು ತಿಳಿಸಿ ನಿಲ್ಲಿಸಬೇಕು, ಸುಳ್ಳು ಘೋಷಣೆ ಕೊಟ್ಟರೆ ದಂಡವಿದೆ. ಅಕ್ಕನ ಮಗಳಿಗೆ ಹೋದ ವರ್ಷ ಹುಬ್ಬಳ್ಳಿಯಲ್ಲಿ ಕೆಲಸವಾಯಿತು. "ಚಿಕ್ಕಮ್ಮ, ಇದನ್ನ ಬಂದ್ ಮಾಡೋದು ಹೆಂಗ?" ಎಂದು ಫೋನ್ ಮಾಡಿದಳು. ಲಾಗಿನ್ ಆಗು, ಘೋಷಣೆಯಲ್ಲಿ ಕೆಲಸ ಸಿಕ್ಕಿದೆ ಎಂದು ತಿಳಿಸು, ಅದರ ಪ್ರತಿ ತೆಗೆದಿಡು ಎಂದೆ. ಒಂದೇ ಸಲಕ್ಕೆ ಆಯಿತಂತೆ.