ಹೆಜ್ಜೆಗೊಂದು ತಾಳ: ಪಾರ್ಕಿನ್ಸನ್ ನಡಿಗೆಯ ಜೊತೆ ನನ್ನ ಅನುಭವ

ನಾನು ಫಿಸಿಯೋಥೆರಪಿಸ್ಟ್. ಪಾರ್ಕಿನ್ಸನ್ (ಚಲನೆಯನ್ನು ನಿಧಾನಗೊಳಿಸುವ ಮಿದುಳಿನ ಕಾಯಿಲೆ) ಇರುವವರ ಮನೆಗೇ ಹೋಗಿ ನಡಿಗೆಯ ಅಭ್ಯಾಸ ಮಾಡಿಸುತ್ತೇನೆ. ಸಂಗೀತದಿಂದ ನಡಿಗೆ ಸುಧಾರಿಸುತ್ತದಂತೆ ಎಂದು ಕೇಳಿದವರೆಲ್ಲ ಮೊದಲು ಕೇಳುವುದು ‘ಯಾವ ಹಾಡು ಹಾಕಬೇಕು?’ ಅಂತ. ಹಾಡು ಆಮೇಲಿನ ಮಾತು. ಮೊದಲು ಅವರ ಹೆಜ್ಜೆ ಎಣಿಸಬೇಕು.

ನಿವೃತ್ತ ಮೇಷ್ಟ್ರೊಬ್ಬರಿಗೆ ಮಾಡಿಸಿದ್ದನ್ನೇ ಹೇಳುತ್ತೇನೆ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತು ನೋಡಿಕೊಂಡು, ವರಾಂಡದಲ್ಲಿ ಅವರ ಪಾಡಿಗೆ ಅವರನ್ನು ನಡೆಯಲು ಬಿಟ್ಟೆ. ನಿಮಿಷಕ್ಕೆ 92 ಹೆಜ್ಜೆ. ಒಂದೇ ಲಯದಲ್ಲಿ ಟಕ್ ಟಕ್ ಎನ್ನುವ ಮೊಬೈಲಿನ ಮೆಟ್ರೊನೋಮ್ ಆ್ಯಪನ್ನೂ 92ಕ್ಕೇ ಇಟ್ಟೆ. ತಕ್ಷಣ ನಡೆಸಲಿಲ್ಲ. ನಿಂತಲ್ಲೇ ಆ ಟಕ್ ಟಕ್‌ಗೆ ಸರಿಯಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದರು, ಆಮೇಲೆ ಹೆಜ್ಜೆ ಇಟ್ಟರು. ಅದು ಸಲೀಸಾದ ಮೇಲೆ ಸುಮಾರು ಶೇ. 5ರಷ್ಟು ಏರಿಸಿ 97 ಮಾಡಿದೆ.

ನಾವು ಯೋಚಿಸದೆ ನಡೆಯುವಾಗ ಹೆಜ್ಜೆಯ ಲಯ ಕಾಯುವುದರಲ್ಲಿ ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾದ ಪಾತ್ರ ದೊಡ್ಡದು. ಪಾರ್ಕಿನ್ಸನ್‌ನಲ್ಲಿ ಡೋಪಮೈನ್ ಎಂಬ ಮಿದುಳಿನ ರಾಸಾಯನಿಕ ಕಡಿಮೆಯಾದಾಗ ಆ ಲಯ ಕುಂದುತ್ತದೆ. ಹೊರಗಿನ ತಾಳ ಕಿವಿಗೆ ಬಿದ್ದಾಗ ಸೆರೆಬೆಲ್ಲಮ್‌ನಂಥ (ಕಿರುಮಿದುಳು) ಬೇರೆ ಭಾಗಗಳ ನೆರವಿನಿಂದ ಹೆಜ್ಜೆಗೆ ಇನ್ನೊಂದು ದಾರಿ ಸಿಗುತ್ತದೆ ಎಂಬುದು ಈಗಿನ ವಿವರಣೆ. ಅಮೆರಿಕದಲ್ಲಿ ಸಂಶೋಧಕ ಮೈಕೆಲ್ ಥಾಟ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 3 ವಾರ ತಾಳದೊಂದಿಗೆ ಮನೆಯಲ್ಲೇ ಅಭ್ಯಾಸ ಮಾಡಿದವರ ನಡಿಗೆಯ ವೇಗ ಸುಮಾರು ಶೇ. 25 ಹೆಚ್ಚಿತ್ತು. ತಾಳವಿಲ್ಲದೆ ನಡೆದವರಲ್ಲಿ ಇಷ್ಟು ಸುಧಾರಣೆ ಇರಲಿಲ್ಲ.

ಹಾಡಿನ ಆಯ್ಕೆಯಲ್ಲಿ ನಾನು ಹಠಮಾರಿ. ನಡಿಗೆ ಎಂದರೆ ಎಡ, ಬಲ, ಎರಡರ ಲೆಕ್ಕ. ಆದಿ ತಾಳದ 8ರ ಲೆಕ್ಕ ಅದಕ್ಕೆ ಹೊಂದುತ್ತದೆ. ಮೇಷ್ಟ್ರಿಗೆ ತುಂಬ ಇಷ್ಟವಾದ ಕೀರ್ತನೆ ಮಿಶ್ರ ಛಾಪು ತಾಳದಲ್ಲಿತ್ತು. ಅಲ್ಲಿ 7ರ ಲೆಕ್ಕ, ಆವರ್ತನೆಯ ಮೊದಲ ಪೆಟ್ಟು ಒಮ್ಮೆ ಎಡಗಾಲಿಗೆ ಬಿದ್ದರೆ ಮುಂದಿನ ಸಲ ಬಲಗಾಲಿಗೆ. ಅದನ್ನು ಕೂತು ಕೇಳೋಣ ಎಂದೆ. ಆಲಾಪನೆಯಿಂದ ಶುರುವಾಗುವ ಭಜನೆಯೂ ಬೇಡ, ಪೆಟ್ಟು ಬರುವ ತನಕ ಕಾಲು ಕಾಯುತ್ತಲೇ ಇರುತ್ತದೆ. ಕೋಲಾಟದ ಪದಗಳಲ್ಲಿ ಕೋಲಿನ ಸದ್ದು ಸ್ಪಷ್ಟ, ನನಗೆ ಅವೇ ಅಚ್ಚುಮೆಚ್ಚು. ವೇಗ ಹೊಂದದಿದ್ದರೆ ಆ್ಯಪಿನಲ್ಲಿ ಹಾಡಿನ ವೇಗವನ್ನೇ ಬದಲಿಸಿಕೊಳ್ಳಬಹುದು.

ಕಷ್ಟವೆಲ್ಲ ಹೊಸ್ತಿಲಿನಲ್ಲಿ ಮತ್ತು ತಿರುಗುವಾಗ. ‘ಕಾಲು ನೆಲಕ್ಕೆ ಅಂಟಿಕೊಂಡುಬಿಡುತ್ತೆ ಕಣಮ್ಮ’ ಎನ್ನುತ್ತಿದ್ದರು ಮೇಷ್ಟ್ರು. ಆಗ ಮನೆಯವರು ಕೈ ಹಿಡಿದು ಎಳೆಯುತ್ತಾರೆ. ದಯವಿಟ್ಟು ಎಳೆಯಬೇಡಿ. ಮೈ ಮುಂದೆ ಬರುತ್ತದೆ, ಪಾದ ಬರುವುದಿಲ್ಲ, ಬೀಳುತ್ತಾರೆ. ನಾನು ಅವರ ಪಕ್ಕದಲ್ಲಿ, ಸ್ವಲ್ಪ ಹಿಂದೆ ನಿಲ್ಲುತ್ತೇನೆ. ‘ನಿಲ್ಲಿ ಮೇಷ್ಟ್ರೇ, ಭಾರ ಬದಲಿಸಿ’ ಎಂದು ಹೇಳಿ ನಿಧಾನಕ್ಕೆ ‘ತಕಧಿಮಿ ತಕಧಿಮಿ’ ಎನ್ನುತ್ತೇನೆ. ಮುಂದಿನ ‘ತ’ಕ್ಕೆ ಹೆಜ್ಜೆ. ಅವರ ಹೆಂಡತಿ ಇದನ್ನು ನನಗಿಂತ ಚೆನ್ನಾಗಿ ಹೇಳಲು ಕಲಿತರು, ಹೊಸ್ತಿಲು ಇನ್ನೂ ದೂರವಿರುವಾಗಲೇ ಶುರು ಮಾಡುತ್ತಿದ್ದರು. ಅದೇ ಸರಿಯಾದ ಕ್ರಮ.

ಮೇಷ್ಟ್ರಿಗೆ 97 ಮಾಡಿದ್ದು ವರಾಂಡದ ನೇರ ನಡಿಗೆಗೆ ಮಾತ್ರ. ಹೀಗೆ ಕಾಲು ಕಟ್ಟುವ ಕಡೆ, ಮತ್ತು ಮುಗ್ಗರಿಸುವಂತೆ ಓಡೋಡಿ ನಡೆಯುವವರಿಗೆ ನಾನು ತಾಳ ಏರಿಸುವುದಿಲ್ಲ, ಅವರ ವೇಗಕ್ಕಿಂತ ತುಸು ಇಳಿಸುತ್ತೇನೆ. ಏರಿಸಿದರೆ ಹೆಜ್ಜೆ ಇನ್ನೂ ಚಿಕ್ಕದಾಗುವ ಭಯ.

ಕೆಲವು ವಾರಗಳ ನಂತರ ಅರ್ಧ ದಾರಿಯಲ್ಲಿ ಸದ್ದು ನಿಲ್ಲಿಸಿ, ಮನಸ್ಸಿನಲ್ಲೇ ಹಾಡಿಕೊಂಡು ನಡೆಯಿರಿ ಎನ್ನುತ್ತೇನೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಒಳಗೇ ಹಾಡಿಕೊಂಡಾಗ, ಹಾಡು ಕೇಳಿ ನಡೆಯುವುದಕ್ಕಿಂತ ಹೆಜ್ಜೆಗಳ ಏರುಪೇರು ಇನ್ನೂ ಕಡಿಮೆಯಾಗುವುದನ್ನು ಕಂಡಿದ್ದಾರೆ. ಬೀದಿಗೆ ಇದೇ ಒಳ್ಳೆಯದು. ಇಯರ್‌ಫೋನ್ ಹಾಕಿಕೊಂಡರೆ ಹಿಂದಿನ ಸ್ಕೂಟರಿನ ಹಾರನ್ ಕೇಳಿಸುವುದಿಲ್ಲ.

ಇದು ಮಾತ್ರೆಗೆ ಬದಲಿಯಲ್ಲ, ಕೈ ನಡುಕವನ್ನೂ ನಿಲ್ಲಿಸುವುದಿಲ್ಲ. ಅಭ್ಯಾಸ ಬಿಟ್ಟರೆ ಗಳಿಸಿದ್ದು ವಾರಗಳಲ್ಲೇ ಕರಗುತ್ತದೆ. ಅದಕ್ಕೇ ಮೇಷ್ಟ್ರ ಮನೆಯಲ್ಲಿ ಬೆಳಗಿನ ಮಾತ್ರೆ ಹಿಡಿದ ಮೇಲಿನ ಅರ್ಧ ಗಂಟೆಯನ್ನು ನಡಿಗೆಗೇ ಮೀಸಲಿಟ್ಟಿದ್ದಾರೆ.