ಅಡುಗೆಮನೆ ಜಗುಲಿಯಲ್ಲಿ ಶನಿವಾರದ ಸಭೆ

ಸರ್ಕಾರಿ ಪ್ರೌಢಶಾಲೆಯ ಮುಖ್ಯ ಶಿಕ್ಷಕನಾದ ಮೇಲೆ ಪಾಠಕ್ಕಿಂತ ಜಾಸ್ತಿ ಹೊತ್ತು ಅಕ್ಕಿ, ಹಾಲಿನ ಪುಡಿ, ಮೊಟ್ಟೆ, ನೀರಿನ ಮೋಟಾರು ನೋಡಿಕೊಳ್ಳುವುದರಲ್ಲೇ ಹೋಗುತ್ತದೆ. ನಮ್ಮಲ್ಲಿ ಇದನ್ನೆಲ್ಲ ನಡೆಸುವವರು ಮೂವರು ಅಡುಗೆಯವರು, ಒಬ್ಬ ಗುಮಾಸ್ತರು, ಒಬ್ಬ ಗ್ರೂಪ್ ಡಿ ನೌಕರರು ಮತ್ತು ಬಿಸಿಯೂಟದ ಹೊಣೆ ಹೊತ್ತ ಶಿಕ್ಷಕಿ. ಎಲ್ಲರೂ ಮೈಮುರಿದು ದುಡಿಯುವವರೇ. ಆದರೂ ದಿನಾ ಕಿರಿಕಿರಿ. ಒಂದು ದಿನ ಅನ್ನ ಉಳಿಯುತ್ತಿತ್ತು, ಇನ್ನೊಂದು ದಿನ ಕೊನೆಯ ಸಾಲಿನ ಮಕ್ಕಳಿಗೆ ಸಾಲುತ್ತಿರಲಿಲ್ಲ.

ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಅಡುಗೆಯವರು ನಿನ್ನೆಯ ಅಂದಾಜಿನ ಮೇಲೆ ಅಕ್ಕಿ ಅಳೆಯುತ್ತಿದ್ದರು. ಹಾಜರಿ ಮೊದಲ ಪೀರಿಯಡ್ ಮುಗಿದ ಮೇಲೆ ಬರುತ್ತಿತ್ತು. ಗುಮಾಸ್ತರು ಸ್ಯಾಟ್ಸ್‌ನಲ್ಲಿ, ಅಂದರೆ ಮಕ್ಕಳ ವಿವರ ತುಂಬುವ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ, ಹಾಕುವ ಸಂಖ್ಯೆ ಮತ್ತೊಂದು. ಪ್ರೌಢಶಾಲೆಯ ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿ. ಲೆಕ್ಕ 20 ಮಕ್ಕಳಷ್ಟು ತಪ್ಪಿದರೆ 3 ಕೆ.ಜಿ. ಅಕ್ಕಿ ಹೆಚ್ಚು ಕಡಿಮೆ ಆಯಿತು, ಅಲ್ವಾ?

ಈಗ ಪ್ರಾರ್ಥನೆಯ ಸಾಲಿನಲ್ಲೇ ಎಣಿಸುತ್ತೇವೆ. ಶಾಲಾ ಸಂಸತ್ತಿನ ಆಹಾರ ಮಂತ್ರಿಯಾದ ವಿದ್ಯಾರ್ಥಿನಿ ಅಡುಗೆಮನೆಯ ಕಪ್ಪು ಹಲಗೆಯ ಮೇಲೆ ಊಟಕ್ಕೆ ಎಷ್ಟು, ಮೊಟ್ಟೆಗೆ ಎಷ್ಟು, ಬಾಳೆಹಣ್ಣಿಗೆ ಎಷ್ಟು ಎಂದು ಬರೆಯುತ್ತಾಳೆ. ಮಕ್ಕಳು ಊಟಕ್ಕೆ ಕೂತಾಗ ಶಿಕ್ಷಕಿ ತಾಳೆ ನೋಡಿ ತಿದ್ದುತ್ತಾರೆ. ಗುಮಾಸ್ತರು ಅದನ್ನೇ ಸ್ಯಾಟ್ಸ್‌ಗೆ ಏರಿಸುತ್ತಾರೆ. ವಾಟ್ಸ್‌ಆ್ಯಪ್ ಗುಂಪು ಸಾಕು ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಬೇಳೆ ಕುದಿಯುವಾಗ ಸೌಟು ಬಿಟ್ಟು ಫೋನ್ ನೋಡುವುದಾಗುತ್ತದಾ?

ಹಲಗೆಗಿಂತ ಹೆಚ್ಚು ಕೆಲಸ ಮಾಡಿದ್ದು ಶನಿವಾರದ ಸಭೆ. ಮೊದಲು ಅದು ನನ್ನ ಕೋಣೆಯಲ್ಲಿ ನಡೆಯುತ್ತಿತ್ತು, ಅದೂ ಅಡುಗೆಯವರು ಪಾತ್ರೆ ತೊಳೆಯುವ ಹೊತ್ತಿಗೇ. ಹಾಗಾಗಿ ಅವರು ಬರುತ್ತಲೇ ಇರಲಿಲ್ಲ. ಪಾತ್ರೆ ತೊಳೆದಾದ ಮೇಲೆ ಅಡುಗೆಮನೆ ಜಗುಲಿಯಲ್ಲೇ ಕೂರುವುದು, ಮೊದಲ ಮಾತು ಅವರದೇ ಎಂದು ಬದಲಾಯಿಸಿದೆವು.

ಮುಖ್ಯ ಅಡುಗೆಯವರು ಬಾಯಿ ಬಿಟ್ಟರು: "ಸಾರ್, ಅಕ್ಕಿ ತೊಳೆಯೋ ಹೊತ್ತಿಗೆ ನಲ್ಲೀಲಿ ನೀರೇ ಇರಲ್ಲ. ಅದಕ್ಕೇ ಊಟ ತಡ ಆಗೋದು."

ಪಕ್ಕದಲ್ಲಿದ್ದ ಗ್ರೂಪ್ ಡಿ ನೌಕರರು, "ಹೌದಾ ಅಕ್ಕ? ಮೊದಲೇ ಹೇಳಬಾರದಾ? ಸೋಮವಾರದಿಂದ ಗೇಟು ತೆಗೆದ ತಕ್ಷಣ ಮೋಟಾರು ಹಾಕ್ತೀನಿ" ಎಂದರು.

ಎಷ್ಟೋ ದಿನದ ತೊಂದರೆ ಎರಡು ಮಾತಿನಲ್ಲಿ ಮುಗಿಯಿತು. ನಾನು ಎಷ್ಟು ಮೆಮೊ ಬರೆದಿದ್ದರೂ ಇದು ಹೊರಗೆ ಬರುತ್ತಿರಲಿಲ್ಲ. ಇವರಿಬ್ಬರೂ ದಿನಾ ಎದುರು ಸಿಗುತ್ತಿದ್ದವರು, ಆದರೆ ಕೆಲಸದ ಮಾತಾಡಲು ಒಂದು ಜಾಗ ಇರಲಿಲ್ಲ.

ಸಿಲಿಂಡರ್ ಬುಕ್ ಮಾಡುವುದು, ದಾಸ್ತಾನು ಪುಸ್ತಕ ಬರೆಯುವುದು ಯಾರ ಪಾಲಿಗೆ ಎಂದೂ ಅಲ್ಲೇ ತೀರ್ಮಾನವಾಯಿತು. ಬಡಿಸುವ ಮೊದಲು ಊಟದ ರುಚಿ ನೋಡುವ ಸರದಿ ಈಗ ಎಲ್ಲ ಶಿಕ್ಷಕರದು. ಒಬ್ಬ ಅಡುಗೆಯವರು ರಜೆ ಹಾಕಿದರೆ ಬದಲಿ ಸಿಗುವುದಿಲ್ಲ. ಅಂಥ ದಿನ ಅನ್ನ ಸಾಂಬಾರಿನ ಬದಲು ಬಿಸಿಬೇಳೆ ಬಾತ್ ಮಾಡುವುದಾಗಿ ಅವರೇ ಹೇಳಿದರು. ಇಲಾಖೆಯಿಂದ ಒಂದು ಬದಲಿ ವ್ಯವಸ್ಥೆ ಬೇಕೇ ಬೇಕು, ಅದನ್ನು ಕೇಳುತ್ತಲೇ ಇದ್ದೇನೆ.

ಅಡುಗೆಯವರ ಗೌರವಧನ ದುಡಿಮೆಗೆ ತಕ್ಕಷ್ಟಿಲ್ಲ. ಹೆಚ್ಚಿಸುವುದು ನನ್ನ ಕೈಯಲ್ಲಿಲ್ಲ. ಅವರ ಹಾಜರಿ ವಿವರ ತಿಂಗಳ ಕೊನೆಗೆ ಒಂದು ದಿನವೂ ತಡವಾಗದೆ ಹೋಗಬೇಕು ಎಂಬುದನ್ನು ಮಾತ್ರ ಗುಮಾಸ್ತರೂ ನಾನೂ ಪಟ್ಟು ಹಿಡಿದು ಪಾಲಿಸುತ್ತಿದ್ದೇವೆ.