ಸಿಕ್ಕವರ ಲೆಕ್ಕ ಬಿಟ್ಟೆವು, ಸಿಗದವರ ಚೀಟಿ ಹಿಡಿದೆವು

ಅಂಗನವಾಡಿ, ಆಶಾ, ರೇಷನ್ ಅಂಗಡಿ, ಸ್ತ್ರೀಶಕ್ತಿ ಸಂಘ, ದೇವಸ್ಥಾನದ ಟ್ರಸ್ಟು, ಮಸೀದಿ ಕಮಿಟಿ, ಚರ್ಚು, ಸರ್ಕಾರಿ ಶಾಲೆಯ ಉಸ್ತುವಾರಿ ಸಮಿತಿ (ಎಸ್‌ಡಿಎಂಸಿ). ಸರ್ಕಾರದ ಸೌಲಭ್ಯ ಸಿಗದೆ ಉಳಿದವರಿಗೆ ಅದನ್ನು ಕೊಡಿಸಲು ಇವರನ್ನೆಲ್ಲ ಒಂದೇ ಚಾಪೆ ಮೇಲೆ ಕೂರಿಸೋದು ಆಗದ ಮಾತು ಎಂದು ಹೇಳದವರೇ ಇರಲಿಲ್ಲ. ನನಗಿಂತ ಇಪ್ಪತ್ತು ವರ್ಷ ಜಾಸ್ತಿ ಕೆಲಸ ಮಾಡಿದವರೂ ಹೇಳಿದರು. ಬೆಂಗಳೂರಿನ ಲಗ್ಗೆರೆಯ ನಮ್ಮ ಹನ್ನೊಂದು ಬೀದಿಗಳಲ್ಲಿ ಅದು ಈಗ ಎರಡೂವರೆ ವರ್ಷದಿಂದ ತಿಂಗಳು ತಪ್ಪದೆ ನಡೆಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ ಹೇಳಿಬಿಡುತ್ತೇನೆ, ಏಕೆಂದರೆ ದುಡ್ಡು ಹೋಗಿದ್ದು ಅಲ್ಲೇ.

ಮೊದಲ ಸಭೆಗೆ ಕಲ್ಯಾಣ ಮಂಟಪದ ಚಿಕ್ಕ ಹಾಲ್ ಹಿಡಿದೆವು. ಹಾಲ್, ಮೈಕು, ಫ್ಲೆಕ್ಸು, ಉಪ್ಪಿಟ್ಟು ಕೇಸರಿಬಾತು ಎಲ್ಲ ಸೇರಿ ಹದಿಮೂರೋ ಹದಿನಾಲ್ಕೋ ಸಾವಿರ. ಅದರಲ್ಲಿ ಎಂಟು ಸಾವಿರ ನನ್ನ ಕೈಯಿಂದ. ಅರವತ್ತು ಜನ ಬಂದರು. ಪ್ರತಿಯೊಬ್ಬರೂ ಮೈಕ್ ಹಿಡಿದು ತಾವು ಏನೇನು ಮಾಡಿದ್ದೇವೆ ಎಂದು ಹೇಳಿದರು. ಮೂರು ಗಂಟೆ ಆಯಿತು. ಒಬ್ಬ ಅಜ್ಜಿಗೂ ಪಿಂಚಣಿ ಆಗಲಿಲ್ಲ. ಫ್ಲೆಕ್ಸ್‌ನಲ್ಲಿ ಒಬ್ಬ ಮುಖಂಡರ ಫೋಟೊ ಇತ್ತು, ಖರ್ಚಿನಲ್ಲಿ ಸ್ವಲ್ಪ ಅವರೇ ಕೊಟ್ಟಿದ್ದರು. ಆಮೇಲೆ ಆರು ತಿಂಗಳು ಬೀದಿಯಲ್ಲಿ ನಮ್ಮನ್ನು ಆ ಪಕ್ಷದವರು ಎಂದೇ ಕರೆದರು.

ಎರಡನೆಯದು ವಾಟ್ಸಾಪ್ ಗುಂಪು. ಎಂಬತ್ತು ಚಿಲ್ಲರೆ ಜನ. ಗುಡ್ ಮಾರ್ನಿಂಗ್ ಹೂವು, ಹಬ್ಬದ ಶುಭಾಶಯ, ಚುನಾವಣೆ ಬಂದಾಗ ಜಗಳ. ಎರಡು ಕಮಿಟಿಯವರು ಮುನಿಸಿಕೊಂಡು ಹೊರಗೆ ಹೋದರು. ಅವರನ್ನು ಮತ್ತೆ ಮಾತಾಡಿಸಲು ಒಂದು ವರ್ಷ ಬೇಕಾಯಿತು.

ಮೂರನೆಯದು ಸರ್ವೆ. ಕಾಲೇಜು ಹುಡುಗರು ಮೊಬೈಲ್ ಹಿಡಿದು ಮೂವತ್ತು ಪ್ರಶ್ನೆ ಕೇಳುತ್ತಾ ಹೋದರು. ನಾಲ್ಕನೇ ಬೀದಿ ದಾಟುವಷ್ಟರಲ್ಲಿ ಬಿಪಿಎಲ್ ಕಾರ್ಡ್ ರದ್ದು ಮಾಡೋಕೆ ಬಂದಿದ್ದಾರೆ ಎಂದು ಸುದ್ದಿ ಹಬ್ಬಿತು. ಬಾಗಿಲು ಹಾಕಿಕೊಂಡರು. ಹುಡುಗರ ಬಸ್ ಚಾರ್ಜು, ಊಟಕ್ಕೆ ನಾಲ್ಕೈದು ಸಾವಿರ ಹೋಯಿತು.

ದಾರಿ ತೋರಿಸಿದ್ದು ಒಬ್ಬರು ಅಂಗನವಾಡಿ ಟೀಚರ್. ಅವರ ಬಳಿ ನಾನು ರಿಜಿಸ್ಟರ್ ತೋರಿಸಿ ಎಂದು ಕೇಳುತ್ತಲೇ ಇದ್ದೆ. ಒಂದು ದಿನ ಅವರು, "ಅಕ್ಕಾ, ರಿಜಿಸ್ಟರ್ ಕೊಡೋಕಾಗಲ್ಲ, ಮೇಲಿನವರು ಬೈತಾರೆ. ಆದ್ರೆ ನನ್ನ ಕೈಲಿ ಆಗದೆ ಉಳ್ಕೊಂಡಿರೋರ ಹೆಸರು ಬೇಕಾದ್ರೆ ಹೇಳ್ತೀನಿ" ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಷ್ಟು ದಿನ ನಾವು ಎಲ್ಲರ ಹತ್ತಿರ ಸಿಕ್ಕವರ ಪಟ್ಟಿ ಕೇಳುತ್ತಿದ್ದೆವು. ಅದು ಅವರ ಆಸ್ತಿ, ಯಾಕೆ ಕೊಡುತ್ತಾರೆ? ಬಿಟ್ಟುಹೋದವರು ಯಾರ ಆಸ್ತಿಯೂ ಅಲ್ಲ. ಆ ಹೆಸರು ಕೊಡಲು ಯಾರೂ ಹಿಂದೆ ಮುಂದೆ ನೋಡುವುದಿಲ್ಲ, ಹೇಳಿಕೊಂಡರೆ ಅವರ ಎದೆಯೂ ಹಗುರ ಆಗುತ್ತದೆ.

ಆಮೇಲಿಂದ ಚೀಟಿ ಪದ್ಧತಿ. ಒಬ್ಬರಿಗೆ ಒಂದು ಚೀಟಿ. ಹೆಸರು, ಬೀದಿ, ಏನು ಸಿಕ್ಕಿಲ್ಲ, ಯಾವ ಕಾಗದಕ್ಕೆ ನಿಂತಿದೆ. ಅಷ್ಟೇ. ಆಧಾರ್ ನಂಬರ್ ಬರೆಯುವಂತಿಲ್ಲ, ಜಾತಿ ಬರೆಯುವಂತಿಲ್ಲ. ಒಂದು ಸಂಸ್ಥೆ ಐದಕ್ಕಿಂತ ಜಾಸ್ತಿ ತರುವಂತಿಲ್ಲ. ತಿಂಗಳ ಎರಡನೇ ಮಂಗಳವಾರ, ಅಂಗನವಾಡಿ ಮುಗಿದ ಮೇಲೆ ನಾಲ್ಕೂವರೆಗೆ, ಅಂಗನವಾಡಿಯಲ್ಲೇ. ದೇವಸ್ಥಾನದಲ್ಲಿ ಇಟ್ಟರೆ ಕೆಲವರು ಬರಲ್ಲ, ಮಸೀದಿಯಲ್ಲಿ ಇಟ್ಟರೆ ಇನ್ನು ಕೆಲವರು ಬರಲ್ಲ. ಮಕ್ಕಳ ಚಾಪೆ ಮೇಲೆ ಎಲ್ಲರೂ ಕೂರುತ್ತಾರೆ. ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಆ ಹೊತ್ತಿಗೆ ಬರಲಾಗದು, ಅವರ ಚೀಟಿ ಸಂಘದ ಪ್ರತಿನಿಧಿ ತರುತ್ತಾರೆ. ತಾವು ಮಾಡಿದ ಕೆಲಸದ ಬಗ್ಗೆ ಯಾರೂ ಮಾತಾಡುವಂತಿಲ್ಲ, ಚೀಟಿ ಓದಬೇಕು ಅಷ್ಟೇ.

ಮುಖ್ಯವಾದದ್ದು ಇನ್ನೊಂದಿದೆ. ಚೀಟಿ ತಂದವರೇ ಅದನ್ನು ವಾಪಸ್ ತೆಗೆದುಕೊಂಡು ಹೋಗುವಂತಿಲ್ಲ, ಬೇರೆ ಸಂಸ್ಥೆಯವರು ಒಯ್ದು ಅದರ ಬೆನ್ನು ಹತ್ತಬೇಕು. ಆಶಾ ತಂದ ಚೀಟಿ ಮಸೀದಿ ಕಮಿಟಿಯವರ ಕೈಗೆ, ಚರ್ಚಿನವರದ್ದು ರೇಷನ್ ಅಂಗಡಿಯವರ ಕೈಗೆ. ಇದನ್ನು ಕೇಳಿ ನಕ್ಕವರು ತುಂಬಾ ಜನ. ಆದರೆ ತನ್ನ ಚೀಟಿ ಇನ್ನೊಬ್ಬರ ಜೇಬಿನಲ್ಲಿದೆ ಎಂದರೆ, ಅದನ್ನು ಕೇಳಲಾದರೂ ಮುಂದಿನ ತಿಂಗಳು ಬರಲೇಬೇಕು, ಅಲ್ವಾ?

ನಮ್ಮ ದೊಡ್ಡ ಗೆಲುವು, ಮನೆಯೊಡತಿಗೆ ಸರ್ಕಾರ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿಯದ್ದು. 2023ರಲ್ಲಿ ಶುರುವಾದಾಗಿನಿಂದ ಎರಡು ಸಾವಿರ ಬಂದೇ ಇಲ್ಲ ಎನ್ನುವ ಚೀಟಿಗಳು ಒಂದೇ ತಿಂಗಳು ಇಪ್ಪತ್ತರ ಹತ್ತಿರ ಬಂದವು. ಟೀಚರ್ ಅರ್ಜಿ ಸರಿ ಇದೆ ಎನ್ನುತ್ತಾರೆ. ಬ್ಯಾಂಕಿನವರು ಬಂದಿಲ್ಲ ಎನ್ನುತ್ತಾರೆ. ಚೀಟಿಗಳನ್ನು ನೆಲದ ಮೇಲೆ ಹರಡಿ ನೋಡಿದಾಗ, ಮುಕ್ಕಾಲು ಪಾಲು ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಇರುವವರು. ಫ್ಯಾಕ್ಟರಿ ಬದಲಾದಾಗಲೆಲ್ಲ ಅವರಿಗೆ ಹೊಸ ಸಂಬಳದ ಖಾತೆ ಮಾಡಿಸುತ್ತಾರೆ, ಆಧಾರ್ ಅದಕ್ಕೆ ಜೋಡಣೆಯಾಗುತ್ತದೆ. ಸರ್ಕಾರದ ದುಡ್ಡು ಆಧಾರ್ ಕೊನೆಯ ಸಲ ಜೋಡಣೆಯಾದ ಖಾತೆಗೇ ಹೋಗುತ್ತದೆ. ಆ ಫ್ಯಾಕ್ಟರಿಯನ್ನೂ ಬಿಟ್ಟು, ಎಟಿಎಂ ಕಾರ್ಡ್ ಎಲ್ಲೋ ಬಿಸಾಕಿ, ಇವರು ಹಳೇ ಪಾಸ್‌ಬುಕ್ ಹಿಡಿದು ಬೇರೆ ಬ್ಯಾಂಕಿಗೆ ಅಲೆಯುತ್ತಿದ್ದರು. ದುಡ್ಡು ಬರುತ್ತಿತ್ತು, ಅವರು ಮರೆತ ಖಾತೆಗೆ. ಒಬ್ಬರ ಖಾತೆಯಲ್ಲಿ ಇಪ್ಪತ್ತೆರಡು ಸಾವಿರ ಕೂತಿತ್ತು. ಅವರು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಅತ್ತರು. ಒಬ್ಬೊಬ್ಬರೇ ನೋಡಿದ್ದರೆ ಟೀಚರ್, ಬ್ಯಾಂಕು, ಫ್ಯಾಕ್ಟರಿ ಮೂವರಲ್ಲಿ ಯಾರಿಗೂ ಇದು ಕಾಣುತ್ತಿರಲಿಲ್ಲ.

ಸಂಧ್ಯಾ ಸುರಕ್ಷಾ, ಅಂದರೆ ವಯಸ್ಸಾದವರ ಪಿಂಚಣಿಯ ಚೀಟಿಗಳು ಅಷ್ಟು ಸಲೀಸಲ್ಲ. ತಿಂಗಳಿಗೆ 1,200 ರೂಪಾಯಿ, 65 ವರ್ಷ ಆಗಿರಬೇಕು. ಎಪ್ಪತ್ತು ದಾಟಿದ ಅಜ್ಜನ ಆಧಾರ್‌ನಲ್ಲಿ 58 ಎಂದಿರುತ್ತದೆ. ಅಂದಾಜಿಗೆ ಜನವರಿ 1 ಎಂದು ಬರೆಸಿದ್ದು. ಹುಟ್ಟಿದ ತಾರೀಕನ್ನು ಒಂದೇ ಸಲ ಬದಲಾಯಿಸಲು ಬಿಡುತ್ತಾರೆ, ಹಾಗಾಗಿ ಗಟ್ಟಿ ದಾಖಲೆ ಸಿಗುವ ತನಕ ಯಾರನ್ನೂ ಆಧಾರ್ ಸೆಂಟರಿಗೆ ಕಳಿಸಬೇಡಿ. ನಾವು ಅವಸರ ಮಾಡಿ ಇಬ್ಬರದ್ದನ್ನು ಕೆಡಿಸಿದ್ದೇವೆ. ಆ ಎರಡು ಚೀಟಿ ಇನ್ನೂ ನನ್ನ ಡಬ್ಬದಲ್ಲಿವೆ.

ಅಂಗವಿಕಲರ ಗುರುತಿನ ಕಾರ್ಡು, ಅಂದರೆ ಯುಡಿಐಡಿಯಲ್ಲೂ ಒಂದು ಪೆಟ್ಟು ತಿಂದೆವು. ಹದಿನೆಂಟು ಜನರನ್ನು ಟೆಂಪೋ ಟ್ರಾವೆಲರ್ ಮಾಡಿಕೊಂಡು ಒಂದು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಕಿವಿ ಡಾಕ್ಟರು ಆ ದಿನ ಇರಲಿಲ್ಲ. ಗಾಡಿ, ಊಟ ಸೇರಿ ನಾಲ್ಕು ಸಾವಿರದ ಮೇಲೆ ನೀರಿಗೆ. ಅದಕ್ಕಿಂತ ಅವರ ಒಂದು ದಿನದ ಕೂಲಿ ಹೋದದ್ದು ನೋವು. ಈಗ ಬೆಳಿಗ್ಗೆ ಎಂಟೂವರೆಗೆ ಒಬ್ಬರು ಮೊದಲು ಹೋಗಿ ನೋಡಿ ಫೋನ್ ಮಾಡಿದ ಮೇಲೆಯೇ ಗಾಡಿ ಹೊರಡುತ್ತದೆ.

ಇದರ ಜೊತೆಗೆ ಬೇರೆ ಬೇರೆ ಪ್ರಯತ್ನಗಳನ್ನೂ ಮಾಡಿದೆ. ಬಿಟ್ಟುಹೋದವರು ಯಾರಿಗೆ ಮೊದಲು ಗೊತ್ತಾಗುತ್ತಾರೆ ಎನ್ನುವುದೇ ನನ್ನ ಹುಡುಕಾಟ. ಆಟೋಗೆ ಮೈಕ್ ಕಟ್ಟಿ ಕೂಗಿಸಿದೆ, ಒಂದೂ ಹೆಸರು ಬರಲಿಲ್ಲ. ಹಾಲಿನ ಬೂತಿನಲ್ಲಿ ಡಬ್ಬ ಇಟ್ಟೆ, ಮೂರು ಬಂತು. ಹಿಟ್ಟಿನ ಗಿರಣಿಯವರನ್ನು ಕೇಳಿದೆ, ಒಂದೇ ಸಂಜೆ ಒಂಬತ್ತು ಹೆಸರು! ಯಾವ ಮನೆಯವರು ಐದು ಕೆಜಿ ರಾಗಿ ತರುತ್ತಿದ್ದವರು ಎರಡು ಕೆಜಿಗೆ ಇಳಿದರು ಎನ್ನುವುದು ಅವರಿಗೆ ಗೊತ್ತು. ದುಡ್ಡಿನ ಚೀಟಿ ವ್ಯವಹಾರ ನಡೆಸುವ ಆಂಟಿಯರಿಗೆ ಇನ್ನೂ ಜಾಸ್ತಿ ಗೊತ್ತಿರುತ್ತದೆ, ಆದರೆ ಅವರಿಂದ ಹೆಸರು ಹೊರಡಿಸುವ ಬಗೆ ನಮ್ಮಲ್ಲೇ ಇರಲಿ. ನಾಡಕಚೇರಿಯಲ್ಲಿ ನಮ್ಮ ಅರ್ಜಿಗಳ ಸ್ಥಿತಿ ಬೇಗ ಹೇಗೆ ತಿಳಿಯುತ್ತದೆ ಎಂದೂ ಕೇಳುತ್ತಾರೆ. ಲಂಚ ಅಲ್ಲ ಎನ್ನುವುದಷ್ಟೇ ಹೇಳುತ್ತೇನೆ.

ಈಗ ತಿಂಗಳ ಖರ್ಚು ಟೀ, ಜೆರಾಕ್ಸ್, ಆಟೋ ಸೇರಿ ಒಂಬೈನೂರರಿಂದ ಸಾವಿರದಿನ್ನೂರು. ಸರದಿ ಪ್ರಕಾರ ಒಂದೊಂದು ಸಂಸ್ಥೆ ಹಾಕುತ್ತದೆ. ಇಲ್ಲಿಯವರೆಗೆ ಸುಮಾರು ಆರುನೂರು ಚೀಟಿ ಬಂದಿವೆ, ನಾನೂರರ ಹತ್ತಿರ ಮುಗಿದಿವೆ.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ನಮ್ಮ ವಾರ್ಡಿಗೆ ಕಾರ್ಪೊರೇಟರ್ ಇರಲಿಲ್ಲ. ಅವರಿಲ್ಲದೆ ಇದು ನಡೆಯಲ್ಲ ಎಂದಿದ್ದರು. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದಾಗ, ಅಧಿಕಾರಿಗಳು ಬದಲಾದರೆ ನಿಲ್ಲುತ್ತದೆ ಎಂದರು. ಆ ಸೆಪ್ಟೆಂಬರ್‌ನ ಎರಡನೇ ಮಂಗಳವಾರವೂ ನಾಲ್ಕೂವರೆಗೆ ಚಾಪೆ ಹಾಸಿತ್ತು. ಇಪ್ಪತ್ತಮೂರು ಚೀಟಿ ಬಂದಿದ್ದವು, ಹದಿನಾಲ್ಕು ಜನ ಇದ್ದರು.